ಅಪ್ಪ ಯಾಕೆ ಸಣ್ಣವರಾದರು?

ಡೊಂಬಿವಲಿಗೆ ಬಂದು ಮೂವತ್ತು ವರ್ಷ ದಾಟಿತು. ಹೆಸರಿನ ತಾಪತ್ರಯ ಮಾತ್ರ ಇನ್ನೂ ಮುಗಿದಿಲ್ಲ ನೋಡಿ. ಇಲ್ಲಿ ಯಾವ ಫಾರ್ಮ್ ತೆಗೆದರೂ ನಿಮ್ಮ ಹೆಸರು, ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು. ಊರನ್ನೂ ಅಪ್ಪನನ್ನೂ ಎರಡು ಇನಿಶಿಯಲ್ ಮಾಡಿ ಹೆಸರಿನ ಮುಂದೆ ಸಿಕ್ಕಿಸಿಕೊಂಡು ಬಂದ ನಾವು ಆ ಮೂರು ಖಾನೆಗಳಲ್ಲಿ ಹೇಗೋ ತೂರಿಕೊಳ್ಳಬೇಕು.

2012ರ ಮಾತು. ನಮ್ಮ ಊರ ಕಡೆಯವರದ್ದೊಂದು ಪುಟ್ಟ ಬಳಗವಿದೆ. ಠಾಣೆ, ಕಲ್ಯಾಣ, ವಾಶಿ ಅಂತ ಚದುರಿದವರು ವರ್ಷಕ್ಕೊಮ್ಮೆ ಪೂಜೆಗೆ ಸೇರುತ್ತೇವೆ. ವಿಳಾಸಗಳು ಮೂವರ ಎಕ್ಸೆಲ್‌ನಲ್ಲಿ ಮೂರು ಥರ. ಒಂದರಲ್ಲಿ ಪೂರ್ತಿ ಕ್ಯಾಪಿಟಲ್, ಇನ್ನೊಂದರಲ್ಲಿ ಪೂರ್ತಿ ಸ್ಮಾಲ್, ಮತ್ತೊಂದು ಮನಸ್ಸು ಬಂದ ಹಾಗೆ. "ನೀನು ಕಂಪ್ಯೂಟರಿನವ ಅಲ್ವಾ" ಅಂತ ನನ್ನ ತಲೆಗೆ ಕಟ್ಟಿದರು.

ಪುಕ್ಕಟೆ ಸಿಗುತ್ತಿದ್ದ ಪೆಂಟಾಹೊ ಕೆಟಲ್ ಹಾಕಿಕೊಂಡೆ. ಅದರಲ್ಲಿ ಕೆಲಸ ಜೋಡಿಸುವ ಭಾಗದ ಹೆಸರು ಸ್ಪೂನ್, ಓಡಿಸುವವು ಪ್ಯಾನ್ ಮತ್ತು ಕಿಚನ್. ಹೋಟೆಲಿನವರ ಮಕ್ಕಳಿಗೆ ಹೇಳಿ ಮಾಡಿಸಿದ್ದು! 'ಸ್ಟ್ರಿಂಗ್ ಆಪರೇಶನ್ಸ್' ಎಂಬ ಸ್ಟೆಪ್ಪಿನಲ್ಲಿ ಇನಿಟ್‌ಕ್ಯಾಪ್ ಅಂತ ಒಂದು ಆಯ್ಕೆ. ಯೆಸ್ ಅಂದರೆ ಪ್ರತಿ ಪದದ ಮೊದಲ ಅಕ್ಷರ ದೊಡ್ಡದು, ಉಳಿದದ್ದೆಲ್ಲ ಸಣ್ಣದು. ಅಂದೆ. ಲೇಬಲ್ ಅಂಟಿಸಿ ಆಮಂತ್ರಣ ಕಳಿಸಿಯೂ ಆಯಿತು.

ವಾರದೊಳಗೆ ಕಲ್ಯಾಣದಿಂದ ಹಿರಿಯರೊಬ್ಬರ ಫೋನು. ಇನಿಶಿಯಲ್ ಕೆ, ವಿ. ನಡುವೆ ಚುಕ್ಕಿ ಇಲ್ಲ, ಜಾಗ ಇಲ್ಲ. ಕೆಟಲ್‌ಗೆ ಅದೊಂದೇ ಪದ. ಕೆ ದೊಡ್ಡದಾಗಿ ಉಳಿಯಿತು, ವಿ ಸಣ್ಣದಾಯಿತು. (ಅದನ್ನಿಲ್ಲಿ ಬರೆದು ತೋರಿಸೋಣವೆಂದರೆ ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ಲವಲ್ಲ! ವಿಳಾಸ ಕನ್ನಡದಲ್ಲೇ ಇದ್ದಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ.)

"ಅಲ್ಲ ಮಾರಾಯ, ಊರು ದೊಡ್ಡದಾಗಿಯೇ ಉಂಟು. ಅಪ್ಪ ಯಾಕೆ ಸಣ್ಣವರಾದರು?"

ನಗುತ್ತಾ ಕೇಳಿದ್ದರು. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಒಂದು ಉಪಾಯ ಹೂಡಿದೆ. ಸ್ವರವಿಲ್ಲದ ಎರಡು ಮೂರು ಇಂಗ್ಲಿಷ್ ಅಕ್ಷರದ ತುಂಡುಗಳನ್ನೆಲ್ಲ ಕ್ಯಾಪಿಟಲ್‌ನಲ್ಲೇ ಬಿಡುವುದು. ಕೆ, ವಿ ಸರಿಯಾಯಿತು, ಡಾಕ್ಟರರ 'ಡಿಆರ್' ಎರಡೂ ದೊಡ್ಡದಾಗಿ ನಿಂತಿತು. ಅತ್ತ ಯು, ಆರ್ ಎಂಬ ಇನಿಶಿಯಲ್ಲಿನವರು ಸ್ವರ ಇದ್ದ ತಪ್ಪಿಗೆ ಮತ್ತೆ ಸಣ್ಣವರಾದರು. ಕೊನೆಗೆ ಬುದ್ಧಿ ಬಂತು. ಮೂಲ ಹೆಸರಿನ ಕಾಲಂ ಮುಟ್ಟದೆ ಹಾಗೇ ಇಟ್ಟು, ತಿದ್ದಿದ್ದಕ್ಕೆ ಪಕ್ಕದಲ್ಲಿ ಬೇರೆ ಕಾಲಂ ಮಾಡಿದೆ. ಇನಿಶಿಯಲ್ ಇದ್ದವರನ್ನೆಲ್ಲ ಬೇರೆ ತೆಗೆದು, ಒಬ್ಬೊಬ್ಬರಿಗೇ ಫೋನು ಮಾಡಿ ಕೇಳಿದೆ. ಕೆಟಲ್ ಎರಡು ಸೆಕೆಂಡಿನಲ್ಲಿ ಮಾಡಿದ್ದನ್ನು ಸರಿಪಡಿಸಲು ನನಗೆ ಎರಡು ಭಾನುವಾರ.

ಹೊಸ ಲೇಬಲ್ ಹಚ್ಚಿದ ಲಕೋಟೆ ಹಿಡಿದು ನಾನೇ ಕಲ್ಯಾಣಕ್ಕೆ ಹೋದೆ. ಹಿರಿಯರು ಕನ್ನಡಕ ಏರಿಸಿ ಓದಿ, ಚಹಾ ತರಿಸಿದರು.

"ವಾಸು ಅಂತ, ಅಪ್ಪನ ಹೆಸರು" ಅಂದರು.

ಇಪ್ಪತ್ತು ವರ್ಷದ ಪರಿಚಯ. ನಾನು ಒಮ್ಮೆಯೂ ಕೇಳಿರಲಿಲ್ಲ.