ಹಾಲಿಯೂ ಅಲ್ಲ, ಮಾಜಿಯೂ ಅಲ್ಲ

ಮಕ್ಕಳ ಮನೆಗೆಂದು ಲಾಸ್ ಏಂಜಲೀಸಿಗೆ ಹೋದ ನಮ್ಮವರು ಗುಡ್ಡದ ಮೇಲಿನ ‘ಹಾಲಿವುಡ್’ ಅಕ್ಷರಗಳು ಬೀಳುವಂತೆ ಫೋಟೊ ತೆಗೆಸಿಕೊಳ್ಳದೆ ಊರಿಗೆ ವಾಪಸಾಗುವುದಿಲ್ಲ. ಅದೇ ಗುಡ್ಡಗಳಲ್ಲಿ ಹಬ್ಬಿರುವ ಕುರುಚಲು ಕಾಡಿನ ಕಡೆ ಮಾತ್ರ ಯಾರ ಗಮನವೂ ಹರಿಯದು. ಅಲ್ಲಿಯವರು ಅದನ್ನು ಚಾಪರಲ್ ಎನ್ನುತ್ತಾರೆ. ಅಲ್ಲಿ ಮಳೆಗಾಲವೆಂದರೆ ಚಳಿಗಾಲವೇ. ಬೇಸಿಗೆಯಲ್ಲಿ ನಾಲ್ಕು ಹನಿ ಬಿದ್ದರೆ ಅದೇ ಸುದ್ದಿ. ಅಂಥ ನೆಲದಲ್ಲೂ ವರ್ಷವಿಡೀ ಹಸಿರಾಗಿರುವ ಪೊದೆ ಟೊಯಾನ್.

ಎಲೆ ದಪ್ಪ, ಅಂಚು ಗರಗಸದಂತೆ. ಬೇಸಿಗೆ ಹೊತ್ತಿಗೆ ಬಿಳಿ ಹೂಗೊಂಚಲು, ಡಿಸೆಂಬರಿಗೆ ಗೊಂಚಲು ತುಂಬ ಕೆಂಪು ಹಣ್ಣು. ಕೀಳದೆಯೇ ಒಂದು ಹಣ್ಣಿನ ತುದಿ ನೋಡಿ: ಸೇಬಿನ ತಳದಲ್ಲಿರುವಂಥ ಒಣಗಿದ ಹೂವಿನ ಕುರುಹೇ ಅಲ್ಲಿದೆ. ಗುಲಾಬಿ ಕುಟುಂಬದ ಇದು ಸೇಬಿನ ದಾಯಾದಿ. ಹಸಿಯಾಗಿ ತಿನ್ನಲು ಹೋಗಬೇಡಿ, ಸಯನೈಡ್ ಹುಟ್ಟಿಸುವ ಅಂಶ ತುಸು ಇದೆ. ಮೂಲನಿವಾಸಿಗಳು ಹುರಿದೋ ಬೇಯಿಸಿಯೋ ತಿನ್ನುತ್ತಿದ್ದರು. ಹಕ್ಕಿಗಳಿಗೆ ಆ ಗೊಡವೆಯೇ ಇಲ್ಲ.

ಇದಕ್ಕೆ ‘ಕ್ಯಾಲಿಫೋರ್ನಿಯಾ ಹಾಲಿ’ ಎಂಬ ಹೆಸರೂ ಇದೆ. ನಿಜವಾದ ಹಾಲಿ, ಯುರೋಪಿನವರು ಕ್ರಿಸ್‌ಮಸ್ಸಿಗೆ ಮನೆ ಸಿಂಗರಿಸುವ ಮುಳ್ಳೆಲೆಯ ಬೇರೆಯೇ ಗಿಡ. ಕೆಂಪು ಹಣ್ಣು ಕಂಡ ವಲಸಿಗರು ತವರಿನ ಹೆಸರನ್ನು ಇದಕ್ಕೆ ಕಟ್ಟಿದರು. ನಮ್ಮ ಕನ್ನಡದ ಲೆಕ್ಕದಲ್ಲಿ ಹೇಳುವುದಾದರೆ, ಇದು ಹಾಲಿಯೂ ಅಲ್ಲ, ಮಾಜಿಯೂ ಅಲ್ಲ.

ಹಾಲಿವುಡ್‌ಗೆ ಹೆಸರು ಬಂದದ್ದೇ ಈ ಗಿಡದಿಂದ ಎಂಬ ಕಥೆಯಿದೆ. ನನಗೇನೋ ನಂಬಿಕೆಯಿಲ್ಲ. 1887ರಲ್ಲಿ ಹಾರ್ವಿ ವಿಲ್ಕಾಕ್ಸ್ ಎಂಬಾತ ಆ ಬಡಾವಣೆಯ ನಕ್ಷೆ ನೋಂದಾಯಿಸಿದಾಗ ಹೆಸರು ಸೂಚಿಸಿದವಳು ಹೆಂಡತಿ ಡೈಡಾ. ಯಾರದೋ ಎಸ್ಟೇಟಿನ ಹೆಸರು ಕಿವಿಗೆ ಬಿದ್ದು ಇಷ್ಟವಾಗಿತ್ತಂತೆ. ಸೈಟು ಮಾರುವವರು ಹೆಸರಿಡುವ ರೀತಿ ಎಲ್ಲ ಊರಲ್ಲೂ ಒಂದೇ!

ಎರವಲು ಹೆಸರಿನಿಂದ ಗಿಡಕ್ಕೆ ಒದಗಿದ ಪಾಡು ಮಾತ್ರ ಕಥೆಯಲ್ಲ. ಹಾಲಿ ಎಂದ ಮೇಲೆ ಹಬ್ಬಕ್ಕೆ ಬೇಡವೇ? 1920ರ ದಶಕದಲ್ಲಿ ಜನ ಗುಡ್ಡ ಹತ್ತಿ ಕೊಂಬೆ ಕೊಂಬೆಯೇ ಮುರಿದು ತಂದರು. ಸಾರ್ವಜನಿಕ ಜಾಗದಲ್ಲಿ, ಪರರ ಜಮೀನಿನಲ್ಲಿ ಅನುಮತಿಯಿಲ್ಲದೆ ಗಿಡ ಕೀಳಬಾರದೆಂದು ಸರ್ಕಾರ ಕಾನೂನು ಮಾಡಬೇಕಾಯಿತು. ಕಾಡ್ಗಿಚ್ಚಿಗೆ ಬುಡದವರೆಗೆ ಸುಟ್ಟರೂ ಬೇರಿನ ಗಡ್ಡೆಯಿಂದ ಮತ್ತೆ ಚಿಗುರುವ ಗಟ್ಟಿ ಜೀವ ಇದು. ಅಂಥದ್ದನ್ನೂ ಹಬ್ಬದ ಉತ್ಸಾಹದಿಂದ ಕಾಪಾಡಲು ಕಾನೂನೇ ಬೇಕಾಯಿತು.

ಟೊಯಾನ್ ಎಂಬುದು ಮೂಲನಿವಾಸಿಗಳಾದ ಓಲೋನಿ ಜನರ ಮಾತಿನಿಂದ ಬಂದ ಹೆಸರು. 2012ರಲ್ಲಿ ಲಾಸ್ ಏಂಜಲೀಸ್ ನಗರ ಇದನ್ನು ತನ್ನ ಅಧಿಕೃತ ಸ್ಥಳೀಯ ಗಿಡವೆಂದು ಘೋಷಿಸಿತು. ಅಲ್ಲಿ ಮನೆ ಮಾಡಿರುವ ಕನ್ನಡಿಗರು ಹಿತ್ತಲಲ್ಲಿ ಒಂದು ಟೊಯಾನ್ ಸಸಿ ನೆಡಬಹುದು. ಬೇರೂರಿದ ಮೇಲೆ ಹೆಚ್ಚು ನೀರನ್ನೂ ಕೇಳುವುದಿಲ್ಲ.