555 ಪುಸ್ತಕದ ಗಿರಾಕಿಗಳು

ಸಿಂಗಪುರದ ಹಳಬರ ಮುಂದೆ ‘ತ್ರಿಬಲ್ ಫೈವ್’ ಎಂದರೆ ಅರ್ಧ ಜನಕ್ಕೆ ಸಿಗರೇಟು ನೆನಪಾಗುತ್ತದೆ, ಇನ್ನರ್ಧಕ್ಕೆ ಸಾಲ. ಸಾಲದ 555 ಎಂದರೆ ಅಂಗಿಜೇಬಿಗೆ ಹಿಡಿಸುವ ಪುಟ್ಟ ನೋಟ್‌ಬುಕ್ಕು, ಮೇಲುಹೊದಿಕೆಯ ಮೇಲೆ ದಪ್ಪನೆಯ ಮೂರು ಐದುಗಳು. ಪ್ರೊವಿಶನ್ ಅಂಗಡಿಗಳಲ್ಲಿ ಕಾಯಂ ಗಿರಾಕಿಗಳ ಉದ್ರಿಯೆಲ್ಲ ಅದರೊಳಗೆ ಏರುತ್ತಿತ್ತು. ಸಂಬಳವಾದ ಮೇಲೆ ಬಂದು ತೀರಿಸಿದರೆ ಒಂದು ಗೆರೆ. ರೊಕ್ಕ ಮಾತ್ರ ತಗಡಿನ ಡಬ್ಬಿಯಲ್ಲಿ. ರಾಟೆಯ ಹಗ್ಗಕ್ಕೆ ಕಟ್ಟಿದ ಆ ಡಬ್ಬಿ ಅಂಗಡಿಯವನ ತಲೆಯ ಮೇಲೆ ತೂಗಾಡುತ್ತಿರುತ್ತಿತ್ತು, ಚಿಲ್ಲರೆ ಬೇಕಾದಾಗ ಎಳೆದುಕೊಳ್ಳುವುದು. ಹಣ ಎಟುಕದಷ್ಟು ಎತ್ತರದಲ್ಲಿ, ಸಾಲದ ಪುಸ್ತಕ ಕೈಯಳತೆಯಲ್ಲಿ! ಈ ಏರ್ಪಾಡು ನನಗೆ ಬಹಳ ಇಷ್ಟ.

ಅರಸೀಕೆರೆ ಕಡೆಯಿಂದ ಬಂದವಳಿಗೆ ಇದೇನೂ ಹೊಸತಲ್ಲ. ನಮ್ಮಲ್ಲಿ ಹಾಲಿನ ವರ್ತನೆಯ ಲೆಕ್ಕ ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲ ಗೆರೆಗಳಾಗಿ ಇರುತ್ತಿತ್ತು. ತಿಂಗಳ ಕೊನೆಗೆ ಅಜ್ಜಿಯೂ ಹಾಲಿನವಳೂ ಗೆರೆ ಎಣಿಸುತ್ತಾ ಜಗಳಕ್ಕೆ ನಿಲ್ಲುತ್ತಿದ್ದರು. ಮರುದಿನ ಬೆಳಿಗ್ಗೆ ಹಾಲು ಮಾಮೂಲಿನಂತೆ ಬರುತ್ತಿತ್ತು. ಶೆಟ್ಟರ ಅಂಗಡಿಯಲ್ಲಿ ‘ಇಂದು ನಗದು ನಾಳೆ ಉದ್ರಿ’ ಎಂಬ ಬೋರ್ಡಿತ್ತು. ಅದರ ಕೆಳಗೇ ಕೂತು ಶೆಟ್ಟರು ನಮ್ಮ ಉದ್ರಿ ಬರೆದುಕೊಳ್ಳುತ್ತಿದ್ದರು. ಬೋರ್ಡು ಗುರುತಿಲ್ಲದವರಿಗೆ.

ಈಗ ನಾನೂ ಒಂದು ಬಗೆಯ ಅಂಗಡಿಯವಳೇ. ಸೆಂಗ್‌ಕಾಂಗಿನ ನಮ್ಮ ಫ್ಲ್ಯಾಟಿನಲ್ಲಿ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಮಾಡಿ ಮಾರುತ್ತೇನೆ. “ಅಮ್ಮಾ, ನಿಂಗೆ ಫಾಲೋವರ್ಸೇ ಇಲ್ವಲ್ಲ,” ಎಂದು ಮಗಳು ಮರುಕಪಟ್ಟು ಇನ್‌ಸ್ಟಾಗ್ರಾಂ ಖಾತೆ ತೆರೆದುಕೊಟ್ಟಳು. ಬ್ಯಾಡಗಿ ಮೆಣಸಿನಕಾಯಿ ಹುರಿಯುವ ವಿಡಿಯೋಗೆ ಹೃದಯಗಳು ರಾಶಿರಾಶಿ ಬಿದ್ದವು. ಬ್ರೆಜಿಲ್ಲಿನ ಕುಸ್ತಿಪಟುವೊಬ್ಬ ನನ್ನ ಹಿಂಬಾಲಕನಾದ. ಅವನಿಗೆ ತಿಳಿಸಾರಿನ ಮೇಲೆ ಅಂಥ ಮೋಹವೇಕೋ ದೇವರಿಗೇ ಗೊತ್ತು. ಇನ್ನೊಬ್ಬರು, ದುಡ್ಡು ಕೊಟ್ಟರೆ ಸಾವಿರಗಟ್ಟಲೆ ಹಿಂಬಾಲಕರನ್ನು ಸರಬರಾಜು ಮಾಡುತ್ತೇವೆಂದು ಬರೆದರು. ಕಾಲು ಕೇಜಿ ಪುಡಿ ಕೇಳಿದವರು ಮಾತ್ರ ಈ ದಂಡಿನಲ್ಲಿ ಯಾರೂ ಇರಲಿಲ್ಲ.

ಕೇಳುವವರೆಲ್ಲ ನನ್ನ 555ರಲ್ಲಿದ್ದಾರೆ. ಹೌದು, ಅದು ಸ್ಟೇಷನರಿ ಅಂಗಡಿಗಳಲ್ಲಿ ಇನ್ನೂ ಸಿಗುತ್ತದೆ. ‘ಬೆಡೋಕ್ ಅಜ್ಜಿ, ಖಾರ ಅರ್ಧ.’ ‘ಪುಂಗೋಲ್ ಹುಡುಗರು, ದುಡ್ಡು ಒಂದನೇ ತಾರೀಕಿನ ಮೇಲೆ.’ ‘ತೋವಾ ಪಾಯೋ, ಇಂಗು ಮುಟ್ಟಿಸಬಾರದು, ಯಜಮಾನರಿಗೆ ಆಗಲ್ಲ.’ ಇವರಲ್ಲಿ ಬಹಳಷ್ಟು ಮಂದಿ ಕನ್ನಡ ಸಂಘದ ರಾಜ್ಯೋತ್ಸವದಲ್ಲೋ ಲಿಫ್ಟಿನಲ್ಲೋ ಪರಿಚಯವಾದವರು. ಬೆಡೋಕ್ ಅಜ್ಜಿಯ ಆರ್ಡರು ಬರದಿದ್ದರೆ ನಾನೇ ಫೋನು ಮಾಡುತ್ತೇನೆ. “ಪುಡಿ ಇದೆ ಕಣಮ್ಮ, ಮಂಡಿನೋವು,” ಎಂದು ಶುರುವಾದರೆ ಒಲೆಯ ಮೇಲಿನ ಧನಿಯ ಸೀದುಹೋಗುವವರೆಗೂ ಮುಗಿಯುವುದಿಲ್ಲ.

ಆ ಕಾಲದ ಅಂಗಡಿಯವರೆಲ್ಲ ಧರ್ಮರಾಯರೆಂದು ಹೇಳಲು ಮಾತ್ರ ನಾನು ತಯಾರಿಲ್ಲ. ಉದ್ರಿ ಒಂದು ಗಾಳ ಕೂಡ. ಬಾಕಿ ಉಳಿಸಿಕೊಂಡವನು ಎದುರಿನ ಅಂಗಡಿಗೆ ಹೋಗಲು ಹಿಂಜರಿಯುತ್ತಾನೆ. ಅಕ್ಕಿಯಲ್ಲಿ ನುಸಿಯಿದ್ದರೂ ಬಾಯಿ ಬಿಡುವುದು ಕಷ್ಟ. ಆದರೆ ಗಾಳದ ಇನ್ನೊಂದು ತುದಿ ಅಂಗಡಿಯವನ ಗಂಟಲಲ್ಲೂ ಇತ್ತು. ಗಿರಾಕಿ ಮನೆ ಬದಲಿಸಿದರೆ ಅವನ ಅಕ್ಕಿಬೇಳೆಯ ದುಡ್ಡು ಗೋವಿಂದ. ಆದ್ದರಿಂದ ಯಾರ ಸಂಬಳ ಯಾವಾಗ, ಯಾರ ಮನೆಯಲ್ಲಿ ಬಾಣಂತಿ ಎಂಬುದೆಲ್ಲ ಅವನಿಗೆ ತಿಳಿದಿರಲೇಬೇಕಿತ್ತು. ನನ್ನನ್ನು ಹಿಂಬಾಲಿಸಿ ಆ ಕುಸ್ತಿಪಟು ಕಳೆದುಕೊಂಡದ್ದೇನು? ನನ್ನಿಂದ ಅವನಿಗೆ ಬರಬೇಕಾದ್ದೇನು? ಎರಡೂ ಕಡೆ ಸೊನ್ನೆ. ಅದನ್ನು ಸಂಬಂಧವೆನ್ನಲು ನನಗೆ ನಾಲಗೆ ಏಳುವುದಿಲ್ಲ.

1960ರಲ್ಲಿ ಹೌಸಿಂಗ್ ಬೋರ್ಡು ಹುಟ್ಟಿ, ಕಂಪೊಂಗು ಎಂಬ ಹಳ್ಳಿಗಳ ಜನ ಒಬ್ಬೊಬ್ಬರಾಗಿ ಫ್ಲ್ಯಾಟುಗಳಿಗೆ ಏರಿದಾಗ ಅಂಗಡಿಗಳೂ ಬ್ಲಾಕುಗಳ ಕೆಳಗೆ ಬಂದು ಕೂತವು. 1973ರಲ್ಲಿ ಬೆಲೆಯೇರಿಕೆ. ಕಾರ್ಮಿಕ ಸಂಘಟನೆ ಎನ್‌ಟಿಯುಸಿ ತೋವಾ ಪಾಯೋದಲ್ಲಿ ‘ವೆಲ್‌ಕಮ್’ ಎಂಬ ಸಹಕಾರಿ ಸೂಪರ್‌ಮಾರ್ಕೆಟ್ ತೆರೆಯಿತು. ಇವತ್ತಿನ ಫೇರ್‌ಪ್ರೈಸ್ ಅದರಿಂದಲೇ ಬೆಳೆದದ್ದು. ಬಡವರ ಪಾಲಿಗೆ ಅದು ಒಳ್ಳೆಯದೇ ಆಯಿತು, ನಾನೂ ಉದ್ದಿನಬೇಳೆ ಅಲ್ಲೇ ಕೊಳ್ಳುತ್ತೇನೆ. ಅಲ್ಲಿ ನನ್ನ ಹೆಸರು ಗೊತ್ತಿರುವುದು ಪಾಯಿಂಟು ಕೂಡಿಸುವ ಆ್ಯಪ್‌ಗೆ ಮಾತ್ರ.

ತಮಿಳರ ಪುಟ್ಟ ಅಂಗಡಿಗಳನ್ನು ಇಲ್ಲಿನವರು ಈಗಲೂ ‘ಮಾಮಾ ಶಾಪ್’ ಎನ್ನುತ್ತಾರೆ. ವರ್ಷದಿಂದ ವರ್ಷಕ್ಕೆ ಅವು ಕಮ್ಮಿಯಾಗುತ್ತಿವೆ. ಸಿಂಗಪುರಕ್ಕೆ ಬಂದವರು ಮುಸ್ತಫಾ ಮಳಿಗೆಯಲ್ಲಿ ಚಿನ್ನ ನೋಡಿ ಮುಗಿಸಿದ ಮೇಲೆ ಯಾವುದಾದರೂ ಬ್ಲಾಕಿನ ಕೆಳಗೆ ಒಂದನ್ನು ಹುಡುಕಿಕೊಂಡು ಹೋಗಿ, ಬಿಸ್ಕತ್ತನ್ನಾದರೂ ಕೊಳ್ಳಿ. ಹಾಗೇ ಸೆಂಗ್‌ಕಾಂಗಿಗೂ ಬನ್ನಿ, ಸಾರಿನ ಪುಡಿ ಕಟ್ಟಿಕೊಡುತ್ತೇನೆ. ಮೊದಲ ಸಲ ಮಾತ್ರ ನಗದು.