ಬಾರ್ವಿಕ್ ಗ್ರಾಮದ ವಸಂತಕಂಬ

ತಿಂಗಳುಗಟ್ಟಲೆ ಬಾಗಿಲು ಮುಚ್ಚಿಕೊಂಡು ಅಗ್ಗಿಷ್ಟಿಕೆಯ ಮುಂದೆ ಚಳಿಗಾಲವನ್ನು ಕಳೆದ ಜನರಿಗೆ ವಸಂತಾಗಮನವು ಎಂಥ ಹರ್ಷವನ್ನು ತರುವುದೆಂಬುದನ್ನು ಬಿಸಿಲನಾಡಿನವರಾದ ನಾವು ಊಹಿಸಿಕೊಳ್ಳಬೇಕಷ್ಟೆ. ನಮ್ಮ ಚೈತ್ರವು ಮಾವು ಬೇವುಗಳ ಚಿಗುರಿನೊಡನೆ ಉರಿಬಿಸಿಲನ್ನೂ ಕರೆತರುತ್ತದೆ. ಇಂಗ್ಲೆಂಡಿನ ಹಳ್ಳಿಗರಿಗಾದರೋ ಮೇ ತಿಂಗಳೆಂದರೆ ಹೂವಿನ ಕಾಲ, ಎಳೆಬಿಸಿಲಿನ ಕಾಲ. ಆ ಸಂತೋಷದ ಕುರುಹಾಗಿ ಅವರು ಶತಮಾನಗಳಿಂದ ಊರ ನಡುವೆ ಎತ್ತರದ ಮರದ ಕಂಬವೊಂದನ್ನು ನಿಲ್ಲಿಸುತ್ತ ಬಂದಿದ್ದಾರೆ. ಅದಕ್ಕೆ ‘ಮೇಪೋಲ್’ ಎಂದು ಹೆಸರು.

ಈ ಪದ್ಧತಿಯನ್ನು ಶ್ರದ್ಧೆಯಿಂದ ಉಳಿಸಿಕೊಂಡ ಊರುಗಳಲ್ಲಿ ಯಾರ್ಕ್‌ಷೈರ್ ಪ್ರಾಂತದ ಬಾರ್ವಿಕ್-ಇನ್-ಎಲ್ಮೆಟ್ ಒಂದು. ಲೀಡ್ಸ್ ನಗರದ ಪೂರ್ವಕ್ಕಿರುವ ಚಿಕ್ಕ ಗ್ರಾಮವದು. ಅಲ್ಲಿಯ ಕಂಬದ ಎತ್ತರ ಸುಮಾರು 86 ಅಡಿ. ತುದಿಯಲ್ಲಿ ಗಾಳಿಗೆ ತಿರುಗುವ ಲೋಹದ ನರಿ. ನಡುವೆ ಹೂವು ಪಟ್ಟಿಗಳಿಂದ ಊರವರೇ ಕಟ್ಟಿದ ನಾಲ್ಕು ಮಾಲೆಗಳು. ಮೂರು ವರ್ಷಗಳಿಗೊಮ್ಮೆ ಈಸ್ಟರ್ ಸೋಮವಾರದಂದು ಕಂಬವನ್ನು ಕೆಳಗಿಳಿಸಿ, ದುರಸ್ತಿ ಮಾಡಿ, ಬಣ್ಣ ಬಳಿದು, ಮೇ ತಿಂಗಳ ಕೊನೆಯ ರಜಾದಿನಗಳಲ್ಲಿ ಮರಳಿ ಎತ್ತುವುದು ವಾಡಿಕೆ. ಹಗ್ಗ, ಏಣಿ, ಕವೆಗೋಲುಗಳ ನೆರವಿನಿಂದ ಜನರು ತಮ್ಮ ತೋಳ್ಬಲದಿಂದಲೇ ಅದನ್ನು ಇಂಚಿಂಚಾಗಿ ಮೇಲೆತ್ತುತ್ತಾರೆ. ಒಂದು ಬದಿಯವರು ಹಗ್ಗ ಸಡಿಲಿಸಿದರೆ ಇನ್ನೊಂದು ಬದಿಯವರ ಪ್ರಾಣಕ್ಕೇ ಅಪಾಯ. ಕಂಬ ನಿಂತ ಮೇಲೆ ಧೈರ್ಯಶಾಲಿಯೊಬ್ಬನು ಅದನ್ನೇರಿ ಹಗ್ಗಗಳನ್ನು ಬಿಡಿಸುತ್ತಾನೆ. ತುದಿಯವರೆಗೂ ಹೋಗಿ ನರಿಯನ್ನು ತಿರುಗಿಸಿದನೆಂದರೆ ನೆರೆದವರ ಜಯಘೋಷ ಮುಗಿಲು ಮುಟ್ಟುತ್ತದೆ.

ಇಷ್ಟು ನಿರುಪದ್ರವಿಯಾದ ಕಂಬವು ಒಂದು ಕಾಲಕ್ಕೆ ಘೋರ ಪಾಪವೆನಿಸಿತ್ತೆಂದರೆ ಓದುಗರಿಗೆ ಆಶ್ಚರ್ಯವಾದೀತು. 1583ರಲ್ಲಿ ಫಿಲಿಪ್ ಸ್ಟಬ್ಸ್ ಎಂಬ ಲೇಖಕನು ಇದನ್ನು ವಿಗ್ರಹಾರಾಧನೆಯೆಂದು ಕಟುವಾಗಿ ಖಂಡಿಸಿದನು. ಇಪ್ಪತ್ತು ನಲವತ್ತು ಜೋಡಿ ಎತ್ತುಗಳನ್ನು ಹೂಡಿ, ಒಂದೊಂದು ಎತ್ತಿನ ಕೊಂಬಿಗೂ ಹೂಗೊಂಚಲು ಕಟ್ಟಿ, ಕಂಬವನ್ನು ಊರಿಗೆ ಎಳೆದು ತರುತ್ತಿದ್ದರೆಂಬ ಸುಂದರ ವಿವರ ದೊರೆಯುವುದು ಆ ನಿಂದಕನ ಬರಹದಲ್ಲಿಯೇ. ಕಾರಹುಣ್ಣಿಮೆಯಂದು ಎತ್ತುಗಳನ್ನು ಸಿಂಗರಿಸುವ ನಮ್ಮ ರೈತರಿಗೆ ಆ ದೃಶ್ಯ ಅಪರಿಚಿತವಾಗಿ ತೋರದು.

ಲಂಡನ್ ನಗರದ ಕಥೆ ಇನ್ನೂ ಮನಕರಗಿಸುವಂಥದು. ಅಲ್ಲಿ ‘ಸೇಂಟ್ ಆಂಡ್ರ್ಯೂ ಅಂಡರ್‌ಶಾಫ್ಟ್’ ಎಂಬ ಚರ್ಚು ಇಂದಿಗೂ ಇದೆ. ‘ಅಂಡರ್‌ಶಾಫ್ಟ್’ ಎಂದರೆ ಕಂಬದ ಅಡಿಯಲ್ಲಿರುವುದು ಎಂದರ್ಥ. ಪ್ರತಿವರ್ಷ ಅದರ ಬಾಗಿಲ ಬಳಿ ನಿಲ್ಲಿಸುತ್ತಿದ್ದ ಮೇಕಂಬವು ಗೋಪುರಕ್ಕಿಂತಲೂ ಎತ್ತರವಾಗಿತ್ತಾದ್ದರಿಂದ ಈ ಹೆಸರು. 1517ರ ಮೇ ದಿನದ ದೊಂಬಿಯ ತರುವಾಯ ಕಂಬವನ್ನು ನಿಲ್ಲಿಸುವುದು ನಿಂತು, ಅದು ಓಣಿಯೊಂದರ ಮನೆಗಳ ಸೂರಿನಡಿ ಕೊಕ್ಕೆಗಳ ಮೇಲೆ 32 ವರ್ಷ ಮಲಗಿತ್ತು. 1549ರಲ್ಲಿ ಪಾದ್ರಿಯೊಬ್ಬನು ಅದನ್ನು ವಿಗ್ರಹವೆಂದು ಉಪದೇಶಿಸಲಾಗಿ, ಅಷ್ಟು ಕಾಲ ಅದಕ್ಕೆ ಆಸರೆಯಿತ್ತ ಮನೆಯವರೇ ತಂತಮ್ಮ ಬಾಗಿಲ ಅಳತೆಗೆ ತುಂಡರಿಸಿ ಸುಟ್ಟರು. ಇದನ್ನು ಬರೆದಿಟ್ಟ ಜಾನ್ ಸ್ಟೋ ಎಂಬ ಇತಿಹಾಸಕಾರನ ಸಮಾಧಿ ಅದೇ ಚರ್ಚಿನಲ್ಲಿದೆ.

1644ರಲ್ಲಿ ಪಾರ್ಲಿಮೆಂಟು ದೇಶದ ಎಲ್ಲ ಮೇಕಂಬಗಳನ್ನು ಕೆಡಹುವಂತೆ ಆಜ್ಞಾಪಿಸಿತು. 1660ರಲ್ಲಿ ಅರಸೊತ್ತಿಗೆ ಮರಳಿತು. ಮರುವರ್ಷವೇ ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯಲ್ಲಿ 134 ಅಡಿಯ ಕಂಬ ತಲೆಯೆತ್ತಿತು. ಹದಿನೆಂಟನೆಯ ಶತಮಾನದ ಆದಿಯಲ್ಲಿ ಆ ಸ್ಥಳದ ಕಂಬವನ್ನು ತೆಗೆದಾಗ ಅದನ್ನು ಪಡೆದವನು ವಿಜ್ಞಾನಿ ಐಸಾಕ್ ನ್ಯೂಟನ್. ವಾನ್‌ಸ್ಟೆಡ್ ಎಂಬಲ್ಲಿ ಅದು ದೊಡ್ಡ ದೂರದರ್ಶಕಕ್ಕೆ ಆಧಾರವಾಯಿತು.

ಬಣ್ಣದ ಪಟ್ಟಿಗಳನ್ನು ಹಿಡಿದು ಮಕ್ಕಳು ಕಂಬದ ಸುತ್ತ ಹೆಣಿಗೆ ಹಾಕುವ ಕುಣಿತವನ್ನು ಅನೇಕರು ಅತಿಪ್ರಾಚೀನವೆಂದು ಭಾವಿಸುತ್ತಾರೆ. ನಮ್ಮ ಜಡೆಕೋಲಾಟದಲ್ಲಿ ಮೇಲಿನಿಂದ ಇಳಿಬಿಟ್ಟ ಹಗ್ಗಗಳನ್ನು ಹೆಣೆದು ಬಿಚ್ಚುವುದನ್ನು ಕಂಡವರಿಗೆ ಅದರ ರೀತಿ ಸುಲಭವಾಗಿ ತಿಳಿದೀತು. ಆದರೆ ಇಂಗ್ಲೆಂಡಿನಲ್ಲಿ ಅದು ಹರಡಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1881ರಲ್ಲಿ ಜಾನ್ ರಸ್ಕಿನ್ನನ ಪ್ರೇರಣೆಯಿಂದ ಲಂಡನ್ನಿನ ವೈಟ್‌ಲ್ಯಾಂಡ್ಸ್ ಶಿಕ್ಷಕಿಯರ ಕಾಲೇಜಿನಲ್ಲಿ ಮೇರಾಣಿಯ ಉತ್ಸವ ಆರಂಭವಾಯಿತು. ಅಲ್ಲಿ ಕಲಿತ ಶಿಕ್ಷಕಿಯರು ಇಂಥ ಮೇ ಉತ್ಸವಗಳನ್ನು ತಮ್ಮ ತಮ್ಮ ಶಾಲೆಗಳಿಗೆ ಒಯ್ದರು.

ಆಚರಣೆಯ ರೂಪ ಕಾಲಕಾಲಕ್ಕೆ ಬದಲಾದರೂ ಊರವರು ಕೂಡಿ ದುಡಿದಲ್ಲಿ ಅದು ಬದುಕಿತೆಂಬುದನ್ನು ಬಾರ್ವಿಕ್ ತೋರಿಸುತ್ತದೆ. ನಮ್ಮ ಹಳ್ಳಿಗಳಲ್ಲಿಯೂ ತೇರಿನ ಹಗ್ಗ ಹಿಡಿಯುವ ತರುಣರು ಉದ್ಯೋಗಕ್ಕಾಗಿ ಪಟ್ಟಣ ಸೇರಿದ್ದಾರೆ. ಹಾಗೆ ದೂರ ನೆಲೆಸಿರುವ ಬಂಧುಗಳು ಜಾತ್ರೆಗೆ ಹಣ ಕಳುಹಿಸುವುದು ಒಳ್ಳೆಯದೇ. ಆದರೆ ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಸ್ವಂತ ಊರಿಗೆ ಬಂದು, ಅವರ ಕೈಗೆ ಆ ಹಗ್ಗವನ್ನು ಕೊಡುವುದು ಅದಕ್ಕಿಂತ ಅವಶ್ಯವಾದ ಕೆಲಸ.